ವಿದೇಶದ ವಿದ್ಯೆ: ಅರ್ಜಿಯ ಮೊದಲ ಸಾಲು ಸತ್ಯವಾಗಿರಲಿ

(ಹೊಳೆನರಸೀಪುರದಲ್ಲಿ ಪದವಿ ಮತ್ತು ಪಿಯುಸಿ ವಿದ್ಯಾರ್ಥಿಗಳ ಹೆತ್ತವರಿಗಾಗಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಊರಿನ ಪಕ್ಕದಲ್ಲಿ ಹರಿಯುವ ಹೇಮಾವತಿಯ ಮೇಲ್ದಂಡೆಗೆ ಹೋದರೆ ಗೊರೂರು ಸಿಗುತ್ತದೆ. ಆ ಊರಿನ ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು 'ಅಮೆರಿಕಾದಲ್ಲಿ ಗೊರೂರು' ಎಂಬ ಪ್ರವಾಸ ಕಥನವನ್ನು ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಸನ ಜಿಲ್ಲೆಯವರೊಬ್ಬರು ಅಮೆರಿಕವನ್ನು ಕಂಡು ಬರುವುದೇ ಅಂದು ಓದುಗರಿಗೆ ಕೌತುಕದ ವಿಷಯವಾಗಿತ್ತು. ಇಂದು ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿಯ ಮಗನೂ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರ ಮಗಳೂ ಮೊಬೈಲಿನಲ್ಲಿ ಲಂಡನ್ನಿನ ಕಾಲೇಜುಗಳ ಶುಲ್ಕವನ್ನು ಹುಡುಕುತ್ತಿದ್ದಾರೆ. ಇದು ಸಂತೋಷದ ಸಂಗತಿ ಎಂಬುದರಲ್ಲಿ ಎರಡು ಮಾತಿಲ್ಲ. ಒಂದು ತಲೆಮಾರಿನ ಹಿಂದೆ ನಮ್ಮ ಯುವಕರಿಗೆ ವೀಸಾ ಎಂದರೆ ಸೌದಿಯ ಡ್ರೈವರ್ ವೀಸಾ ಆಗಿತ್ತು. ಈಗ ಅವರ ಮಕ್ಕಳು ವಿದ್ಯಾರ್ಥಿ ವೀಸಾದ ಮಾತನಾಡುತ್ತಿದ್ದಾರೆ.

ಇಂತಹ ಸಭೆಗಳಲ್ಲಿ ಚೀನಾದ ಹೆಸರು ಬರುವ ಒಂದು ಪ್ರಸಿದ್ಧ ವಚನವನ್ನು ಹೇಳಿ ಭಾಷಣ ಆರಂಭಿಸುವುದು ವಾಡಿಕೆ. ಮದ್ರಸಾದಲ್ಲಿ ಓದಿದವನಾದ್ದರಿಂದ ನಾನು ಅದನ್ನು ಹೇಳುವುದಿಲ್ಲ. ಅದರ ಸನದು ದುರ್ಬಲವೆಂದು ಹದೀಸ್ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಜ್ಞಾನಾರ್ಜನೆಯ ಮಹತ್ವವನ್ನು ಸಾರಲು ನಮ್ಮಲ್ಲಿ ದುರ್ಬಲ ಆಧಾರದ ಅಗತ್ಯವೇ ಇಲ್ಲ. ಇಂದಿನ ನನ್ನ ಮಾತಿನ ತಿರುಳೂ ಅದುವೇ ಆಗಿದೆ. ಒಳ್ಳೆಯ ಗುರಿಗೆ ದುರ್ಬಲ ದಾಖಲೆಯ ಊರುಗೋಲು ಬೇಡ.

ಒಂದು ಮನೆಯ ಕಥೆ

ಪುಸ್ತಕದ ಮಾತಿಗೆ ಮೊದಲು ಮನೆಯ ಮಾತನ್ನು ಹೇಳುತ್ತೇನೆ. ನನ್ನ ಖಾಲಾರ ಮಗ ಇದೇ ಜಿಲ್ಲೆಯ ಒಂದು ತಾಲೂಕು ಪಟ್ಟಣದವನು. ಬಿಸಿಎ ಮುಗಿಸಿ ಎರಡು ವರ್ಷ ತಂದೆಯ ಗ್ಯಾರೇಜಿನಲ್ಲಿ ಕೂತ. ಸುಮ್ಮನೆ ಕೂರಲಿಲ್ಲ. ಬಿಡಿಭಾಗಗಳ ದಾಸ್ತಾನು, ಗಿರಾಕಿಗಳ ಬಾಕಿ ಎಲ್ಲವನ್ನೂ ನೋಡಿಕೊಳ್ಳುವ ಒಂದು ಚಿಕ್ಕ ಕಂಪ್ಯೂಟರ್ ಲೆಕ್ಕವನ್ನು ತಾನೇ ಬರೆದು ಅಂಗಡಿಯಲ್ಲಿ ಬಳಕೆಗೆ ತಂದ. ಬಳಿಕ ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಸೆಯಾಯಿತು. ಬೆಂಗಳೂರಿನ ಒಂದು ಸಲಹಾ ಕೇಂದ್ರಕ್ಕೆ ಹೋದ. "ಎರಡು ವರ್ಷ ಖಾಲಿ ಬಿಟ್ಟರೆ ವೀಸಾ ಆಗುವುದಿಲ್ಲ, ಗ್ಯಾರೇಜು ಎಂದರೆ ನಗುತ್ತಾರೆ" ಎಂದು ಹೇಳಿದ ಅವರು ಸಾಫ್ಟ್‌ವೇರ್ ಕಂಪೆನಿಯೊಂದರ ಅನುಭವ ಪತ್ರವನ್ನು ಒದಗಿಸಿದರು. ಬ್ಯಾಂಕಿನಲ್ಲಿ ತೋರಿಸಬೇಕಾದ ಹಣವನ್ನೂ ಒಬ್ಬ ಫೈನಾನ್ಸಿನವನಿಂದ ಒಂದು ತಿಂಗಳ ಮಟ್ಟಿಗೆ ಬಡ್ಡಿಗೆ ಕೊಡಿಸಿದರು. ಅದಕ್ಕೆ ಮನೆಯ ಪಕ್ಕದ ನಿವೇಶನದ ಪತ್ರ ಅಡವಾಯಿತು.

ವೀಸಾ ಅಧಿಕಾರಿಗಳು ಆ ಕಂಪೆನಿಯನ್ನು ವಿಚಾರಿಸಿದರು. ಅಂತಹ ಹುಡುಗ ಅಲ್ಲಿ ಕೆಲಸ ಮಾಡಿರಲೇ ಇಲ್ಲ. ಅರ್ಜಿ ತಿರಸ್ಕೃತವಾಯಿತು. ಮಾತ್ರವಲ್ಲ, ವಂಚನೆಯ ಕಾರಣ ನಮೂದಾಗಿದ್ದರಿಂದ ಹತ್ತು ವರ್ಷಗಳ ಕಾಲ ಆ ದೇಶದ ಬಾಗಿಲು ಅವನಿಗೆ ಮುಚ್ಚಿತು. ಸಲಹಾ ಕೇಂದ್ರದವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ನಿವೇಶನ ಮಾರಾಟವಾಯಿತು.

ಈ ಕಥೆಯಲ್ಲಿ ನನ್ನ ಪಾಲೂ ಇದೆ. ಅರ್ಜಿಯನ್ನು ಸಲ್ಲಿಸುವ ಮೊದಲು, "ಇಂಗ್ಲಿಷ್ ಸರಿಯಿದೆಯೇ ನೋಡಿ ಭಾಯ್" ಎಂದು ಅವನು ಕಾಗದಗಳನ್ನು ನನ್ನ ಮುಂದಿಟ್ಟಿದ್ದ. ಆ ಅನುಭವ ಪತ್ರವನ್ನು ನಾನು ಓದಿದ್ದೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಎರಡು ಕಡೆ ವ್ಯಾಕರಣ ತಿದ್ದಿ ಮರಳಿಸಿದೆ. ಸುಳ್ಳು ಸಾಕ್ಷ್ಯವು ಮಹಾಪಾಪಗಳ ಸಾಲಿನಲ್ಲಿದೆ ಎಂದು ವರ್ಷಗಟ್ಟಲೆ ಪಾಠ ಓದಿದ್ದ ನಾನು, ಮನೆಯ ಹುಡುಗನ ಭವಿಷ್ಯ ಎಂಬ ನೆಪದಲ್ಲಿ ಸುಮ್ಮನಾದೆ. ಅಂದು ಒಂದು ಮಾತು ಹೇಳಿದ್ದರೆ ಆ ನಿವೇಶನ ಉಳಿಯುತ್ತಿತ್ತೋ ಏನೋ. ಇಂದು ನಿಮ್ಮ ಮುಂದೆ ನಿಂತಿರುವುದು ಆ ಬಾಕಿಯನ್ನು ತೀರಿಸಲಿಕ್ಕಾಗಿ.

ವೀಸಾ ಎಂದರೇನು?

ಕಾಲೇಜಿನ ಪ್ರವೇಶ ಪತ್ರ ಸಿಕ್ಕ ಕೂಡಲೇ ನಾವು ಸಿಹಿ ಹಂಚುತ್ತೇವೆ. ಆದರೆ ಪ್ರವೇಶ ಪತ್ರವನ್ನು ನೀಡುವುದು ವಿಶ್ವವಿದ್ಯಾಲಯ, ವೀಸಾವನ್ನು ನೀಡುವುದು ಸರಕಾರ. ಮೊದಲನೆಯದು ಸಿಕ್ಕಿದರೆ ಎರಡನೆಯದು ತಾನಾಗಿ ಬರುವುದಿಲ್ಲ. ವೀಸಾ ಯಾರ ಹಕ್ಕೂ ಅಲ್ಲ, ಅದೊಂದು ಅನುಮತಿ ಮಾತ್ರ. ಯಾವ ದೇಶವಾದರೂ ಮೂರು ಪ್ರಶ್ನೆಗಳಿಗೆ ಉತ್ತರ ಬಯಸುತ್ತದೆ. ನೀನು ಯಾರು? ಇದನ್ನೇ ಏಕೆ ಓದುತ್ತೀಯಾ? ಖರ್ಚನ್ನು ಯಾರು ಭರಿಸುತ್ತಾರೆ?

ಅಮೆರಿಕದ ಎಫ್-1 ವೀಸಾಕ್ಕೆ ಮೊದಲು, ಅಲ್ಲಿನ ಸರಕಾರ ಮಾನ್ಯ ಮಾಡಿದ ಸಂಸ್ಥೆಯು ಐ-20 ಎಂಬ ಪತ್ರವನ್ನು ಕಳುಹಿಸಬೇಕು. ಬಳಿಕ ಸೆವಿಸ್ ಎಂಬ ದಾಖಲಾತಿ ವ್ಯವಸ್ಥೆಗೆ 350 ಡಾಲರ್, ವೀಸಾ ಅರ್ಜಿಗೆ ಪ್ರತ್ಯೇಕ ಶುಲ್ಕ, ಅದಾದ ಮೇಲೆ ಸಂದರ್ಶನ. ಸಂದರ್ಶನಕ್ಕಾಗಿ ನಮ್ಮ ಕಡೆಯವರು ಚೆನ್ನೈಗೋ ಹೈದರಾಬಾದಿಗೋ ರೈಲು ಹತ್ತುವುದು ರೂಢಿ. ಅಲ್ಲಿನ ವಲಸೆ ಕಾನೂನಿನ 214(ಬಿ) ವಿಧಿಯ ಪ್ರಕಾರ, ಅರ್ಜಿದಾರನು ಅಲ್ಲಿಯೇ ನೆಲೆಸಲು ಬರುತ್ತಿದ್ದಾನೆಂದೇ ಅಧಿಕಾರಿ ಮೊದಲು ಭಾವಿಸಬೇಕು. ಹಾಗಲ್ಲ ಎಂದು ಮನವರಿಕೆ ಮಾಡುವ ಹೊಣೆ ವಿದ್ಯಾರ್ಥಿಯದು. ಅದಕ್ಕೆ ಸಿಗುವ ಸಮಯ ಕೆಲವೇ ನಿಮಿಷಗಳು. ಕಂಠಪಾಠ ಮಾಡಿದ ಉತ್ತರ ಅಲ್ಲಿ ಒಪ್ಪಿಸಲು ಬಾರದು.

ಬ್ರಿಟನ್ನು ಅಗತ್ಯ ಹಣವು ಸತತ 28 ದಿನ ಖಾತೆಯಲ್ಲಿರಬೇಕೆಂದು ಬಯಸುತ್ತದೆ. ಆ ಖಾತೆ ವಿದ್ಯಾರ್ಥಿಯದ್ದೋ ಹೆತ್ತವರದ್ದೋ ಕಾನೂನುಬದ್ಧ ಪೋಷಕರದ್ದೋ ಆಗಿರಬೇಕು. ದುಬೈಯಲ್ಲಿರುವ ಮಾಮೂ ಅವರ ಖಾತೆ ಅಲ್ಲಿ ಲೆಕ್ಕಕ್ಕಿಲ್ಲ. ಜರ್ಮನಿಯು ಒಂದು ವರ್ಷದ ಜೀವನ ವೆಚ್ಚವನ್ನು ನಿರ್ಬಂಧಿತ ಖಾತೆಯಲ್ಲಿ ಮುಂಗಡವಾಗಿ ಇಡಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೋಗಳಿಗೆ ಏರಿತು. ವಿದ್ಯಾರ್ಥಿ ಅಲ್ಲಿಗೆ ತಲುಪಿದ ಮೇಲೆ ತಿಂಗಳಿಗೆ 992 ಯೂರೋಗಳಂತೆ ಅದೇ ಹಣ ಅವನ ಕೈಗೆ ಮರಳುತ್ತದೆ. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳನ್ನು ಎಪಿಎಸ್ ಎಂಬ ಜರ್ಮನ್ ಸಂಸ್ಥೆಯಿಂದ ಪರಿಶೀಲಿಸಿ ಪ್ರಮಾಣಪತ್ರ ಪಡೆಯುವುದೂ ಕಡ್ಡಾಯ. ಕೆನಡಾ 2024ರ ಜನವರಿಯಲ್ಲಿ, ಜೀವನ ವೆಚ್ಚಕ್ಕೆ ತೋರಿಸಬೇಕಾದ ಹಣವನ್ನು 10,000 ಡಾಲರಿನಿಂದ 20,635 ಡಾಲರಿಗೆ, ಅಂದರೆ ಎರಡು ಪಟ್ಟಿಗಿಂತಲೂ ಮೇಲಕ್ಕೆ, ಏರಿಸಿತು. ಮುಂದೆ ಅದು ಇನ್ನೂ ಹೆಚ್ಚಿತು. ಆಸ್ಟ್ರೇಲಿಯಾದ ವೀಸಾ ಅರ್ಜಿಯ ಶುಲ್ಕವೇ 2025ರ ಜುಲೈಯಲ್ಲಿ 2,000 ಆಸ್ಟ್ರೇಲಿಯನ್ ಡಾಲರ್ ಆಯಿತು. ಅರ್ಜಿ ತಿರಸ್ಕೃತವಾದರೆ ಆ ಹಣ ಮರಳಿ ಬರುವುದಿಲ್ಲ.

ನಿಯಮಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ಆದ್ದರಿಂದ ಕಳೆದ ವರ್ಷ ಹೋದ ನೆರೆಮನೆಯವನ ಮಾತನ್ನು ನಂಬಿ ಮನೆ ಅಡವಿಡಬೇಡಿ. ಆಯಾ ದೇಶದ ಸರಕಾರದ ಅಧಿಕೃತ ಜಾಲತಾಣವನ್ನು ಮಕ್ಕಳಿಂದ ಓದಿಸಿ ಕೇಳಿ.

ಸುಳ್ಳಿನ ಬೆಲೆ

ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಏನಾಗುತ್ತದೆ? ಕೆನಡಾದಲ್ಲಿ ಐದು ವರ್ಷ ಪ್ರವೇಶ ನಿಷೇಧ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಮೂರು ವರ್ಷ, ಗುರುತಿನ ಬಗ್ಗೆಯೇ ಸುಳ್ಳಾದರೆ ಹತ್ತು ವರ್ಷ. ಬ್ರಿಟನ್ನಿನಲ್ಲಿ ಹತ್ತು ವರ್ಷ. ಅಮೆರಿಕದಲ್ಲಿ ವಿಶೇಷ ವಿನಾಯಿತಿ ಸಿಗದಿದ್ದರೆ ಜೀವನಪೂರ್ತಿ. ಶಿಕ್ಷೆ ಬೀಳುವುದು ಪತ್ರ ತಯಾರಿಸಿದ ಏಜೆಂಟನಿಗಲ್ಲ, ಸಹಿ ಹಾಕಿದ ಇಪ್ಪತ್ತೆರಡರ ಹುಡುಗನಿಗೆ.

2023ರಲ್ಲಿ ಕೆನಡಾದಲ್ಲಿ ನೂರಾರು ಭಾರತೀಯ ವಿದ್ಯಾರ್ಥಿಗಳು, ಹೆಚ್ಚಿನವರು ಪಂಜಾಬಿನವರು, ಗಡೀಪಾರಿನ ಭೀತಿಯಲ್ಲಿ ಬೀದಿಗಿಳಿದರು. ವರ್ಷಗಳ ಹಿಂದೆ ಏಜೆಂಟನು ಕೊಟ್ಟ ಪ್ರವೇಶ ಪತ್ರ ನಕಲಿಯಾಗಿತ್ತು. ಹಲವರು ಅಲ್ಲಿ ಓದು ಮುಗಿಸಿ ಕೆಲಸಕ್ಕೂ ಸೇರಿಯಾಗಿತ್ತು. ಖಾಯಂ ವಾಸಕ್ಕೆ ಅರ್ಜಿ ಹಾಕಿದಾಗ ಹಳೆಯ ಕಾಗದ ಹೊರಬಂತು. ಪ್ರತಿಭಟನೆಯ ಬಳಿಕ ಅಲ್ಲಿನ ಸರಕಾರ ಗಡೀಪಾರನ್ನು ತಡೆದು ಒಬ್ಬೊಬ್ಬರ ಪ್ರಕರಣವನ್ನು ಪ್ರತ್ಯೇಕವಾಗಿ ಪರಿಶೀಲಿಸಿತು. ಅದೇ ವರ್ಷದ ಡಿಸೆಂಬರ್‌ನಿಂದ ಪ್ರತಿಯೊಂದು ಪ್ರವೇಶ ಪತ್ರವನ್ನೂ ಕಾಲೇಜಿನಿಂದಲೇ ಖಚಿತಪಡಿಸಿಕೊಳ್ಳುವ ಕ್ರಮ ಜಾರಿಗೆ ಬಂತು.

ಅಮೆರಿಕದ ಕಥೆ ಇನ್ನೂ ವಿಚಿತ್ರ. ಮಿಶಿಗನ್‌ನಲ್ಲಿ 'ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್' ಎಂಬ ಸಂಸ್ಥೆಯಿತ್ತು. ಅಧ್ಯಾಪಕರಿಲ್ಲ, ತರಗತಿಗಳಿಲ್ಲ, ಶುಲ್ಕ ಮಾತ್ರ ಇತ್ತು. ಅದನ್ನು ನಡೆಸುತ್ತಿದ್ದವರು ಅಲ್ಲಿನ ಸರಕಾರದ ಗುಪ್ತ ಅಧಿಕಾರಿಗಳೇ ಆಗಿದ್ದರು. 2019ರ ಜನವರಿಯಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಬಂಧಿತರಾದರು. ಅವರಲ್ಲಿ ಬಹುತೇಕರು ಭಾರತೀಯರು. ಸರಕಾರವೇ ಬಲೆ ಬೀಸಿದ್ದು ನ್ಯಾಯವೇ ಎಂಬ ಚರ್ಚೆ ಅಲ್ಲಿಯೂ ನಡೆಯಿತು. ಆದರೆ ತರಗತಿಯೇ ಇಲ್ಲದ ವಿಶ್ವವಿದ್ಯಾಲಯಕ್ಕೆ ಶುಲ್ಕ ಕಟ್ಟುವ ಮೊದಲು ನಾವು ಪ್ರಶ್ನಿಸಬೇಡವೇ?

ಗಲ್ಫಿಗೆ ದುಡಿಯಲು ಕಳುಹಿಸುವ ಏಜೆಂಟರು ನೋಂದಣಿ ಹೊಂದಿರಬೇಕೆಂಬ ನಿಯಮವನ್ನು 1983ರ ವಲಸೆ ಕಾಯ್ದೆ ತಂದಿತು. ಓದಲು ಕಳುಹಿಸುವ ಸಲಹಾ ಕೇಂದ್ರಗಳು ಆ ಕಾಯ್ದೆಯ ವ್ಯಾಪ್ತಿಗೆ ಬರಲಿಲ್ಲ. 'ಉಚಿತ ಸಲಹೆ' ಎಂದು ಫಲಕ ಹಾಕಿದವರಿಗೆ ಎಷ್ಟೋ ವೇಳೆ ವಿದೇಶಿ ಕಾಲೇಜಿನಿಂದ ಕಮಿಷನ್ ಬರುತ್ತದೆ. ಆದ್ದರಿಂದ ಅವರು ತೋರಿಸುವ ಕಾಲೇಜು ನಿಮ್ಮ ಮಗನಿಗೆ ಒಳ್ಳೆಯದೋ ಅವರಿಗೆ ಒಳ್ಳೆಯದೋ ಎಂದು ಕೇಳುವ ಹಕ್ಕು ನಿಮಗಿದೆ. ಎಲ್ಲ ಸಲಹಾ ಕೇಂದ್ರಗಳೂ ಮೋಸದವು ಎಂದು ನಾನು ಹೇಳುತ್ತಿಲ್ಲ. ಸಹಿ ನಿಮ್ಮದು, ಪಾಸ್‌ಪೋರ್ಟ್ ನಿಮ್ಮದು, ಆದ್ದರಿಂದ ಅರ್ಜಿಯ ಪ್ರತಿಯೊಂದು ಸಾಲನ್ನೂ ಓದುವ ಹೊಣೆಯೂ ನಿಮ್ಮದು ಎಂದಷ್ಟೇ ಹೇಳುತ್ತಿದ್ದೇನೆ.

ಹೆಸರಿನ ಭಯ

ಸತ್ಯ ಹೇಳಿದರೂ ನಮ್ಮ ಹೆಸರು ನೋಡಿ ನಿರಾಕರಿಸುತ್ತಾರೆ ಎಂಬ ಮಾತು ನಮ್ಮ ಮನೆಗಳಲ್ಲಿದೆ. ಈ ಭಯ ಕಾರಣವಿಲ್ಲದೆ ಹುಟ್ಟಿದ್ದಲ್ಲ. ನಮ್ಮ ಸಕಲೇಶಪುರದ ಆಚೆಗಿನ ಮೂಡಿಗೆರೆಯಲ್ಲಿ ಬೆಳೆದ ಡಾ. ಮುಹಮ್ಮದ್ ಹನೀಫ್‌ರನ್ನು ನೀವು ಮರೆತಿರಲಾರಿರಿ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದ ಅವರು, ನವಜಾತ ಮಗಳನ್ನು ಕಾಣಲೆಂದು ಬೆಂಗಳೂರಿಗೆ ಹೊರಟಿದ್ದಾಗ 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಇಂಗ್ಲೆಂಡಿನಿಂದ ಹೊರಡುವಾಗ ಬಂಧುವಿಗೆ ಬಿಟ್ಟು ಬಂದ ಒಂದು ಸಿಮ್ ಕಾರ್ಡು ಅವರನ್ನು ಭಯೋತ್ಪಾದನೆಯ ಶಂಕಿತರನ್ನಾಗಿಸಿತು. ನ್ಯಾಯಾಲಯವು ಜಾಮೀನು ನೀಡಿದ ದಿನವೇ ಅಲ್ಲಿನ ವಲಸೆ ಸಚಿವರು ಅವರ ವೀಸಾವನ್ನು ರದ್ದುಪಡಿಸಿದರು. ಆದರೆ ಅದೇ ಜುಲೈ 27ರಂದು ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು. ಆಗಸ್ಟ್ 21ರಂದು ಫೆಡರಲ್ ನ್ಯಾಯಾಲಯವು ವೀಸಾ ರದ್ದತಿಯನ್ನು ತಳ್ಳಿಹಾಕಿತು. 2008ರ ವಿಚಾರಣಾ ವರದಿಯು ಅವರನ್ನು ನಿರ್ದೋಷಿ ಎಂದಿತು. 2010ರಲ್ಲಿ ಪರಿಹಾರವೂ ಸಿಕ್ಕಿತು.

ಅನ್ಯಾಯ ನಡೆಯಿತು ಎಂಬುದು ಸತ್ಯ. ಅದನ್ನು ಖಂಡಿಸಿದವರಲ್ಲಿ ಆಸ್ಟ್ರೇಲಿಯಾದ ವಕೀಲರೂ ಪತ್ರಕರ್ತರೂ ಸಾಮಾನ್ಯ ಜನರೂ ಇದ್ದರು ಎಂಬುದೂ ಸತ್ಯ. ಆ ವೈದ್ಯರಿಗೆ ನ್ಯಾಯ ದೊರಕಲು ಮುಖ್ಯ ಕಾರಣ ಅವರ ಹೇಳಿಕೆಯಲ್ಲಾಗಲಿ ಕಾಗದದಲ್ಲಾಗಲಿ ಸುಳ್ಳಿರಲಿಲ್ಲ ಎಂಬುದು. ಸಂಶಯದ ಕಾಲದಲ್ಲಿ ಇತರರು ಒಂದು ಸುಳ್ಳು ಹೇಳಿ ಪಾರಾಗಬಹುದು, ನಮ್ಮ ಮಕ್ಕಳು ಪಾರಾಗಲಾರರು. 2025ರ ಜೂನ್‌ನಲ್ಲಿ ಅಮೆರಿಕವು ವಿದ್ಯಾರ್ಥಿ ವೀಸಾ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣಗಳ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಸೂಚಿಸಿತು. ಇದು ಅಭಿವ್ಯಕ್ತಿಯ ಮೇಲಿನ ಒತ್ತಡ ಎಂಬ ಟೀಕೆ ನ್ಯಾಯಯುತವಾದುದೇ. ನ್ಯಾಯದ ಪರ ಮಾತನಾಡುವುದನ್ನು ನಿಲ್ಲಿಸಿ ಎಂದು ಮಕ್ಕಳಿಗೆ ನಾನು ಹೇಳಲಾರೆ. ಆದರೆ ಓದದೆ ಮುಂದಕ್ಕೆ ಕಳುಹಿಸುವ, ನಿಂದಿಸುವ, ದ್ವೇಷಿಸುವ ಚಾಳಿಯನ್ನು ವೀಸಾದ ಭಯದಿಂದಲ್ಲ, ಅಲ್ಲಾಹನ ಭಯದಿಂದಲೇ ಬಿಡಬೇಕು.

ವೈದ್ಯಕೀಯದ ಕನಸು

ನಮ್ಮಲ್ಲಿ ಹೆಚ್ಚಿನ ಹೆತ್ತವರ ಮನಸ್ಸಿನಲ್ಲಿರುವುದು ಎಂಬಿಬಿಎಸ್. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೆಯ ವರ್ಷದ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ. 2022ರ ಮಾರ್ಚ್ 1ರಂದು ಆಹಾರ ತರಲು ಹೊರಬಂದಿದ್ದಾಗ ದಾಳಿಗೆ ಬಲಿಯಾದ. ಉತ್ತಮ ಅಂಕ ಗಳಿಸಿಯೂ ಇಲ್ಲಿ ಸೀಟು ಕೈಗೆಟುಕಲಿಲ್ಲ ಎಂದು ಅವನ ತಂದೆ ನೊಂದು ನುಡಿದರು. ಮಗನ ದೇಹವನ್ನು ಅವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆ ಯುದ್ಧದ ಸಂದರ್ಭದಲ್ಲಿ ಸರಕಾರವು ಸುಮಾರು 22,500 ಭಾರತೀಯರನ್ನು ಮರಳಿ ಕರೆತಂದಿತು. ಅವರಲ್ಲಿ ಬಹುಪಾಲು ವಿದ್ಯಾರ್ಥಿಗಳು.

ವಿದೇಶದಲ್ಲಿ ವೈದ್ಯಕೀಯ ಓದಲು ಹೋಗುವವರು 2021ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊರಡಿಸಿದ ನಿಯಮಗಳನ್ನು ಓದಲೇಬೇಕು. ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು. ಕೋರ್ಸು ಕನಿಷ್ಠ 54 ತಿಂಗಳಿನದ್ದಾಗಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇರಬೇಕು. ಬೋಧನೆ ಇಂಗ್ಲಿಷಿನಲ್ಲಿರಬೇಕು. ಮರಳಿ ಬಂದ ಮೇಲೆ ಇಲ್ಲಿ ಅರ್ಹತಾ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರೂ ಉತ್ತೀರ್ಣರಾಗದ ಸರದಿಗಳು ಹಲವು. ಏಜೆಂಟನು ತೋರಿಸುವ ಬಣ್ಣದ ಪುಸ್ತಿಕೆಯಲ್ಲಿ ಹಿಮಬಿದ್ದ ಕಟ್ಟಡದ ಚಿತ್ರವಿರುತ್ತದೆ, ಈ ಪರೀಕ್ಷೆಯ ಮಾತಿರುವುದಿಲ್ಲ. ಇಲ್ಲಿ ಮಾನ್ಯವಾಗದ ಕೋರ್ಸಿಗೂ ಅಲ್ಲಿ ವಿದ್ಯಾರ್ಥಿ ವೀಸಾ ಸಿಗುತ್ತದೆ ಎಂಬುದನ್ನು ನೆನಪಿಡಿ. ವೀಸಾ ಸಿಕ್ಕಿತೆಂದರೆ ಪದವಿಗೆ ಬೆಲೆ ಇದೆಯೆಂದು ಅರ್ಥವಲ್ಲ.

ಸರಕಾರದ ಹೊಣೆ

ಈಗ ಕೇಳಬೇಕಾದವರನ್ನು ಕೇಳೋಣ. ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳು ವಿದೇಶದಲ್ಲಿ ಸ್ನಾತಕೋತ್ತರ ಪದವಿ ಅಥವಾ ಸಂಶೋಧನೆ ಮಾಡುವುದಾದರೆ, ಅವರ ಶಿಕ್ಷಣ ಸಾಲದ ಮೇಲೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ 'ಪಢೋ ಪರ್‌ದೇಶ್' ಎಂಬ ಯೋಜನೆ 2013-14ರಲ್ಲಿ ಆರಂಭವಾಯಿತು. ಕುಟುಂಬದ ವಾರ್ಷಿಕ ಆದಾಯ 6 ಲಕ್ಷ ರೂಪಾಯಿ ಮೀರದವರಿಗೆ ಅದು ಲಭ್ಯವಿತ್ತು. 35 ಶೇಕಡಾ ಪಾಲನ್ನು ಹೆಣ್ಣು ಮಕ್ಕಳಿಗೆ ಮೀಸಲಿಡಲಾಗಿತ್ತು. ನಮ್ಮ ಕರ್ನಾಟಕದ ಕೆನರಾ ಬ್ಯಾಂಕೇ ಅದರ ನೋಡಲ್ ಬ್ಯಾಂಕ್ ಆಗಿತ್ತು. 2022-23ರಿಂದ ಅದನ್ನು ನಿಲ್ಲಿಸಲಾಯಿತು. ಅದೇ ಹೊತ್ತಿಗೆ, 2009ರಿಂದ ನಡೆದುಬಂದಿದ್ದ ಸಂಶೋಧಕರ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ಸ್ಥಗಿತಗೊಳಿಸಲಾಯಿತು. ಇತರ ಯೋಜನೆಗಳು ಇರುವುದರಿಂದ ಇದು ಬೇಡವೆಂಬುದು ಸಚಿವರು ಲೋಕಸಭೆಯಲ್ಲಿ ಫೆಲೋಶಿಪ್ಪಿನ ಬಗ್ಗೆ ನೀಡಿದ ವಿವರಣೆ. ವಿಶ್ವಗುರುವಾಗುವ ಮಾತನಾಡುವ ದೇಶವು ತನ್ನದೇ ಮಕ್ಕಳಲ್ಲಿ ಕೆಲವರ ಕೈಯಿಂದ ಏಣಿಯನ್ನು ಕಿತ್ತುಕೊಂಡದ್ದು ವಿಪರ್ಯಾಸವಲ್ಲವೇ? ಆದರೆ ಯೋಜನೆ ಇದ್ದ ಆ ವರ್ಷಗಳಲ್ಲಿ ನಮ್ಮ ಎಷ್ಟು ಮಸೀದಿಗಳ ಫಲಕದಲ್ಲಿ ಅದರ ಮಾಹಿತಿ ಅಂಟಿತ್ತು? ಈ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳೋಣ. ಇಂದು ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಉನ್ನತ ಶಿಕ್ಷಣಕ್ಕೆ ಸಾಲದ ಯೋಜನೆಗಳಿವೆ. ಹಾಸನದ ಜಿಲ್ಲಾ ಕಚೇರಿಗೆ ಹೋಗಿ ಈ ವರ್ಷದ ಮಿತಿಯನ್ನೂ ಷರತ್ತನ್ನೂ ಕೇಳಿ ತಿಳಿಯಿರಿ. ಯೋಜನೆ ನಿಂತ ಮೇಲೆ ಪ್ರತಿಭಟಿಸುವುದಕ್ಕಿಂತ ಇರುವಾಗ ಅರ್ಜಿ ಸಲ್ಲಿಸುವುದು ಲೇಸು.

ಸಮುದಾಯದ ಹೊಣೆ

ಬಡ್ಡಿಯ ಪ್ರಶ್ನೆ ನಿಮ್ಮೆಲ್ಲರ ಮನಸ್ಸಿನಲ್ಲಿದೆ. ಫತ್ವಾ ನೀಡುವ ಸ್ಥಾನದಲ್ಲಿ ನಾನಿಲ್ಲ. ನಿಮ್ಮ ಉಲಮಾಗಳಲ್ಲಿ ಕೇಳಿ. ಆದರೆ ಬಡ್ಡಿಯಿಲ್ಲದ ದಾರಿಗಳನ್ನು ಮೊದಲು ಹುಡುಕಿದ್ದೇವೆಯೇ? ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ಪ್ರಾಂತ್ಯವು ನಮ್ಮಂತಹ ಹೊರದೇಶದವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತದೆ. ಬ್ರಿಟನ್ನಿನ ಚೀವ್ನಿಂಗ್ ಮತ್ತು ಕಾಮನ್‌ವೆಲ್ತ್, ಅಮೆರಿಕದ ಫುಲ್‌ಬ್ರೈಟ್-ನೆಹರೂ, ಜರ್ಮನಿಯ ಡಿಎಎಡಿ, ಯುರೋಪಿನ ಇರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಗಳಿಗೆ ಜಾತಿ ಧರ್ಮದ ಹಂಗಿಲ್ಲ. ಮದ್ರಸಾದ ಮಕ್ಕಳಿಗೆ ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಪೂರ್ಣ ವೆಚ್ಚದ ಅವಕಾಶವಿದೆ. ಇವುಗಳಿಗೆ ಅರ್ಜಿ ಹಾಕಲು ಒಂದು ವರ್ಷದ ಸಿದ್ಧತೆ ಬೇಕು, ಒಂದು ತಿಂಗಳ ಆತುರ ಸಾಲದು.

1869ರಲ್ಲಿ ಸರ್ ಸಯ್ಯಿದ್ ಅಹ್ಮದ್ ಖಾನರ ಮಗ ಸಯ್ಯಿದ್ ಮಹಮೂದ್‌ಗೆ ಇಂಗ್ಲೆಂಡಿನಲ್ಲಿ ಓದಲು ಸರಕಾರಿ ವಿದ್ಯಾರ್ಥಿವೇತನ ಸಿಕ್ಕಿತು. ಮಗನ ಜೊತೆ ತಾವೂ ಹೋಗಿ ಅಲ್ಲಿನ ಶಿಕ್ಷಣವನ್ನು ಕಣ್ಣಾರೆ ಕಾಣಲು ಸರ್ ಸಯ್ಯಿದ್ ಮನೆಯನ್ನು ಅಡವಿಟ್ಟರು. ಮರಳಿ ಬಂದು ಅಲಿಗಢದಲ್ಲಿ ಶಾಲೆಯನ್ನೂ ಕಾಲೇಜನ್ನೂ ಕಟ್ಟಿದರು. ಆ ತ್ಯಾಗದ ಫಲ ಒಂದು ಮನೆಗೆ ಸೀಮಿತವಾಗದೆ ಇಡೀ ಸಮುದಾಯಕ್ಕೆ ದಕ್ಕಿತು. ನಾವೂ ಮನೆ ಅಡವಿಡುತ್ತೇವೆ. ಎಷ್ಟೋ ಸಲ ಅದು ಮಗಳ ಮದುವೆಯ ಶಾದಿಮಹಲಿಗೆ, ಜಹೇಜಿಗೆ, ಎರಡು ಹೊತ್ತಿನ ಬಿರಿಯಾನಿಗೆ. ಒಂದು ಜಮಾಅತಿನ ಹತ್ತು ಮನೆಗಳು ವಲೀಮಾದ ಖರ್ಚನ್ನು ಅರ್ಧಕ್ಕಿಳಿಸಿ ಒಂದು ಕರ್ಝೆ ಹಸನಾ ನಿಧಿಗೆ ಕೊಟ್ಟರೆ, ಓದಿ ದುಡಿಯತೊಡಗಿದವನು ಅದೇ ನಿಧಿಗೆ ಮರಳಿಸಿದರೆ, ಬಡ್ಡಿಯ ಹಂಗಿಲ್ಲದೆ ವರ್ಷಕ್ಕೊಬ್ಬ ವಿದ್ಯಾರ್ಥಿಯನ್ನಾದರೂ ಕಳುಹಿಸಲು ಸಾಧ್ಯವಿಲ್ಲವೇ?

ತಾಯಂದಿರಲ್ಲಿ ಒಂದು ಮಾತು. ಮದುವೆ ಮಾಡಿ ಗಂಡನ ಜೊತೆ ಓದಲು ಕಳುಹಿಸೋಣ ಎಂದು ಹಲವರು ಹೇಳುತ್ತಾರೆ. ಆದರೆ 2024ರ ಜನವರಿಯಿಂದ ಬ್ರಿಟನ್ನಿನಲ್ಲಿ ಸಂಶೋಧನಾ ಪದವಿಯವರನ್ನು ಮತ್ತು ಸರಕಾರಿ ವಿದ್ಯಾರ್ಥಿವೇತನ ಪಡೆದವರನ್ನು ಬಿಟ್ಟರೆ ಇತರ ವಿದ್ಯಾರ್ಥಿಗಳು ಪತಿ ಪತ್ನಿ ಮಕ್ಕಳನ್ನು ಅವಲಂಬಿತರಾಗಿ ಕರೆದೊಯ್ಯುವಂತಿಲ್ಲ. ಆದ್ದರಿಂದ ಮಗಳ ಓದಿನ ನಿರ್ಧಾರವನ್ನು ಮದುವೆಯ ಮಾತುಕತೆಯಲ್ಲಿ ಕಟ್ಟಿಹಾಕದೆ ಅವಳೊಂದಿಗೇ ಕುಳಿತು ಚರ್ಚಿಸಿ. ಬಂಧುಗಳಿರುವ ಊರು, ವಿದ್ಯಾರ್ಥಿನಿಯರ ವಸತಿ, ಅಥವಾ ಇಲ್ಲಿಯೇ ಪದವಿ ಮುಗಿಸಿ ಸಂಶೋಧನೆಗೆ ಹೋಗುವುದು, ಹೀಗೆ ದಾರಿಗಳು ಹಲವಿವೆ. ಒಂದು ದಾರಿ ಮುಚ್ಚಿದೆಯೆಂದು ಓದನ್ನೇ ಮುಚ್ಚಬೇಡಿ.

ನಾಳೆಯೇ ಮಾಡಬಹುದಾದ ಕೆಲಸ

ಮನೆಗೆ ಹೋಗಿ ಮಕ್ಕಳ ಎಸೆಸೆಲ್ಸಿ ಅಂಕಪಟ್ಟಿ, ಆಧಾರ್, ಜನನ ಪ್ರಮಾಣಪತ್ರಗಳನ್ನು ಒಟ್ಟಿಗಿಟ್ಟು ನೋಡಿ. ಒಂದರಲ್ಲಿ ಮಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಬರೀ ಎಂ.ಡಿ. ಎಂದಿರುತ್ತದೆ. ತಾಯಿಯ ಹೆಸರು ಒಂದೆಡೆ ಬೀ, ಇನ್ನೊಂದೆಡೆ ಬೇಗಂ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರು ತಿಳಿದಿಲ್ಲ ಎಂಬರ್ಥದ ಎಫ್‌ಎನ್‌ಯು ಎಂಬ ಅಕ್ಷರಗಳು ಬೀಳುತ್ತವೆ. ಅದೇ ಗುರುತು ಮುಂದೆ ಎಲ್ಲ ದಾಖಲೆಗಳಲ್ಲೂ ಬೆನ್ನಟ್ಟುತ್ತದೆ. ಇಂದೇ ತಿದ್ದಿಸಿ. ಬಳಿಕ ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ. ಇದಕ್ಕೆ ಏಜೆಂಟನ ಅಗತ್ಯವಿಲ್ಲ.

ಎರಡನೆಯದಾಗಿ, ಓದುತ್ತಲೇ ದುಡಿದು ಶುಲ್ಕ ಕಟ್ಟುತ್ತೇನೆ ಎಂಬ ಮಗನ ಲೆಕ್ಕವನ್ನು ನಂಬಬೇಡಿ. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗೆ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ 24 ಗಂಟೆ ಮಾತ್ರ ದುಡಿಮೆಗೆ ಅವಕಾಶ. ಅದು ದಿನಸಿಗೆ ಸಾಲಬಹುದು, ಶುಲ್ಕಕ್ಕೆ ಸಾಲದು. ಮಿತಿ ಮೀರಿ ದುಡಿದರೆ ವೀಸಾವೇ ಹೋಗುತ್ತದೆ.

ಕೊನೆಯದಾಗಿ, ಮಕ್ಕಳ ಬದುಕಿನಲ್ಲಿ ಇರುವುದನ್ನೇ ಬರೆಯಲು ಬಿಡಿ. ನನ್ನ ಖಾಲಾರ ಮಗನು ಗ್ಯಾರೇಜಿನಲ್ಲಿ ಲೆಕ್ಕದ ಕಾರ್ಯಕ್ರಮ ಬರೆದದ್ದು ಅವನ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ಇದನ್ನೇ ಏಕೆ ಓದುತ್ತೀಯಾ ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಅವನಲ್ಲಿ ಬೇರೊಂದಿರಲಿಲ್ಲ. ಗ್ಯಾರೇಜು ಎಂದರೆ ಬ್ರಿಟನ್ನಿನ ಅಧಿಕಾರಿ ನಗುತ್ತಿದ್ದನೋ ಇಲ್ಲವೋ, ನಾವೇ ನಾಚಿಕೊಂಡೆವು. ತಂದೆಯ ಕೈಗೆ ಅಂಟಿದ ಎಣ್ಣೆಗೆ ನಾಚಿ, ಯಾರದೋ ಲೆಟರ್‌ಹೆಡ್ಡಿಗೆ ಹಣ ಕೊಟ್ಟೆವು.

ಇಲ್ಲಿಗೆ ಬರುವ ಮೊದಲು ಅವನಿಗೆ ಫೋನ್ ಮಾಡಿದ್ದೆ. ಅವನೀಗ ನಮ್ಮದೇ ರಾಜ್ಯದ ಒಂದು ಕಾಲೇಜಿನಲ್ಲಿ ಎಂಸಿಎ ಓದುತ್ತಿದ್ದಾನೆ. ರಜೆಯಲ್ಲಿ ಗ್ಯಾರೇಜಿಗೆ ಬರುತ್ತಾನೆ. "ನಮ್ಮ ಕಥೆ ಹೇಳಿ ಭಾಯ್, ಹೆಸರು ಮಾತ್ರ ಬೇಡ. ಅಬ್ಬಾರಿಗೆ ನೋವಾಗುತ್ತದೆ" ಎಂದ. ನೀವು ಮಕ್ಕಳ ಅರ್ಜಿಯನ್ನು ನೋಡುವ ದಿನ ಈ ಹೆಸರಿಲ್ಲದ ಹುಡುಗನನ್ನು ನೆನಪಿಸಿಕೊಳ್ಳಿ. ಕಾಗದವನ್ನು ಓದಿ, ಸುಳ್ಳು ಕಂಡರೆ ಸುಮ್ಮನಿರಬೇಡಿ. ನಾನು ಸುಮ್ಮನಿದ್ದೆ.

ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ ಅದನ್ನು ಅರಸುವ ಹಾದಿಯಲ್ಲಿ ಪ್ರಾಮಾಣಿಕತೆಯನ್ನೂ ಅಲ್ಲಾಹನು ಅನುಗ್ರಹಿಸಲಿ. ವಸ್ಸಲಾಮ್.